ಎತ್ತಿಟ್ಟ ಚಕ್ರ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಎದುರಿಗೇ ಜೋಪಾನಮ್ಮ ಎನ್ನುತ್ತಿದ್ದರು. ಅವಳೂ ಹೂಂ ಎಂದು ತಿರುಗುತ್ತಿದ್ದಳು. ಬಾಹ್ಯಾಕಾಶದಲ್ಲಿ ಸುತ್ತುತ್ತಿದ್ದ ಮುದಿ ದೂರದರ್ಶಕವೊಂದನ್ನು ನೆಲದಿಂದಲೇ ನೋಡಿಕೊಳ್ಳುವುದು ಅವಳ ಕೆಲಸ. ಹತ್ತು ವರ್ಷ ಬಾಳಿದರೆ ಹೆಚ್ಚು ಎಂದು ಕಟ್ಟಿದವರೇ ಹೇಳಿದ್ದ ಯಂತ್ರವನ್ನು ಅವಳು ಮುಪ್ಪಿನವರೆಗೂ ದುಡಿಸಿದ್ದಳು. ಒಂದು ಕ್ಯಾಮೆರಾ ಕೆಟ್ಟರೆ ಇನ್ನೊಂದರಲ್ಲಿ ಹೊಂದಿಸುವಳು, ಬ್ಯಾಟರಿ ಸೋತರೆ ಹೀಟರುಗಳನ್ನು ಸರದಿಯ ಮೇಲೆ ಆರಿಸುವಳು. ಮನೆಯಲ್ಲೂ ಎಣ್ಣೆ ಸೀಸೆಯನ್ನು ಬೋರಲು ನಿಲ್ಲಿಸಿ ಕೊನೆಯ ತೊಟ್ಟಿಗೂ ಕಾಯುವ ಹೆಂಗಸು. ಹೊಸ ಟವೆಲು ಬೀರುವಿನಲ್ಲಿ, ಹರಿದದ್ದು ಹೆಗಲ ಮೇಲೆ.

ದೂರದರ್ಶಕ ಯಾವ ಕಡೆ ಮುಖ ಮಾಡಿದೆಯೆಂದು ಅದಕ್ಕೇ ತಿಳಿಸುವ, ಸದಾ ಗಿರಗಿರನೆ ತಿರುಗುವ ದಿಕ್ಕುಚಕ್ರಗಳಲ್ಲಿ ಮೂರು ಮಾತ್ರ ಉಳಿದಿದ್ದವು. ಎರಡಿದ್ದರೆ ಸಾಕು. ಮೂರನೆಯದನ್ನು ಅವಳು ನಿಲ್ಲಿಸಿ ಎತ್ತಿಟ್ಟಳು. ಆಗಾಗ ಒಮ್ಮೆ ತಿರುಗಿಸಿ ನೋಡೋಣವೇ ಎಂದು ಮುಖ್ಯಸ್ಥ ಕೇಳಿದಾಗೆಲ್ಲ ಒಂದೇ ಉತ್ತರ.

"ಸುಮ್ನೆ ಯಾಕೆ ಸಾರ್ ಸವೆಸೋದು? ಬೇಕಾದಾಗ ಇದ್ದೇ ಇದೆಯಲ್ಲ."

ಅವನೂ ಒಪ್ಪಿ ತಲೆಯಾಡಿಸುತ್ತಿದ್ದ. ದೂರದರ್ಶಕ ವರ್ಷವರ್ಷಕ್ಕೂ ಕೆಳಗಿಳಿಯುತ್ತಿತ್ತು. ಅದನ್ನು ಹಿಡಿದು ಮತ್ತೆ ಮೇಲಕ್ಕೆ ತಳ್ಳಲು ಒಂದು ನೌಕೆ ಸಿದ್ಧವಾಗುತ್ತಿತ್ತು. ಹಿಡಿಯುವ ಹೊತ್ತಿಗೆ ದೂರದರ್ಶಕ ಅಲುಗಾಡದೆ ನಿಂತಿರಬೇಕು, ಅಷ್ಟೇ.

ಅವಳ ಗಂಡ ದರ್ಜಿ. ಮೂರನೇ ಮಹಡಿಯ ಮನೆಯಲ್ಲಿ ಕಿಟಕಿಗೆ ಒತ್ತಿಕೊಂಡಂತೆ ಅವನ ಹೊಲಿಗೆ ಮಿಷನ್ನು. ದೂರದ ಊರಲ್ಲಿದ್ದ ಅಕ್ಕನನ್ನು ಒಮ್ಮೆ ನೋಡಬೇಕೆಂಬುದು ಅವನ ಹಂಬಲ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಆ ಅಕ್ಕನೇ. ಪ್ರಯಾಣಕ್ಕೆಂದು ತನಗೊಂದು ಕೋಟನ್ನೂ ಹೊಲಿದುಕೊಂಡಿದ್ದ.

"ಈ ವರ್ಷನಾದ್ರೂ ಹೋಗೋಣ್ವಾ?"

"ರಜೆ ಕೂಡಿಡ್ತಿದ್ದೀನಿ ರೀ. ಆ ನೌಕೆ ಕೆಲಸ ಒಂದು ಮುಗೀಲಿ, ತಿಂಗಳುಗಟ್ಟಲೆ ಅಲ್ಲೇ ಇರೋಣ."

"ಗಂಡಸಿಗೂ ಸವತಿ ಇರ್ತಾಳೆ ಅಂತ ನಿನ್ನ ದುರ್ಬೀನು ನೋಡಿದ್ಮೇಲೇ ಗೊತ್ತಾಗಿದ್ದು ಕಣೇ," ಎಂದು ಅವನು ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಕೋಟು ನುಸಿಗುಳಿಗೆಯ ಜೊತೆ ಬೀರು ಸೇರಿತು.

ನೌಕೆ ಹಾರುವ ಮುನ್ನವೇ ದುಡಿಯುತ್ತಿದ್ದ ಎರಡು ಚಕ್ರಗಳಲ್ಲಿ ಒಂದು ನಿಂತುಹೋಯಿತು. ಕಚೇರಿಯ ನಿಯಂತ್ರಣ ಕೋಣೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಎಲ್ಲರೂ ಜೋಪಾನಮ್ಮನ ಕಡೆ ತಿರುಗಿ ನಕ್ಕರು. ಅವಳು ಒಳಗೊಳಗೇ ಬೀಗುತ್ತಾ, ಎತ್ತಿಟ್ಟ ಚಕ್ರಕ್ಕೆ ಆಜ್ಞೆ ಕಳಿಸಿದಳು.

ಚಕ್ರ ವಿದ್ಯುತ್ತು ಎಳೆದುಕೊಂಡಿತು, ಬಿಸಿಯಾಯಿತು, ತಿರುಗಲಿಲ್ಲ. ಮತ್ತೆ ಕಳಿಸಿದಳು. ವಾರವಿಡೀ ಕಳಿಸಿದಳು. ವರ್ಷಗಟ್ಟಲೆ ಚಳಿಯಲ್ಲಿ ಸುಮ್ಮನೆ ಕೂತು ಅದರೊಳಗಿನ ಗ್ರೀಸು ಗಟ್ಟಿಯಾಗಿಬಿಟ್ಟಿತ್ತು. ಬಿಡುವಿಲ್ಲದೆ ದುಡಿದ ಚಕ್ರವೊಂದು ಇನ್ನೂ ತಿರುಗುತ್ತಿತ್ತು. ಜೋಪಾನ ಮಾಡಿದ್ದೇ ಕೈಕೊಟ್ಟಿತು. ಒಂದೇ ಚಕ್ರದಿಂದ ದೂರದರ್ಶಕ ಅಲುಗಾಡದೆ ನಿಲ್ಲುವಂತಿರಲಿಲ್ಲ; ನೌಕೆಯ ಹಾರಾಟ ರದ್ದಾಯಿತು. ಇನ್ನು ದೂರದರ್ಶಕ ಇಳಿದಿಳಿದು ಉರಿದುಹೋಗುವುದನ್ನು ಕಾಯುವುದಷ್ಟೇ ಬಾಕಿ.

"ನಾವೆಲ್ಲಾ ಒಪ್ಕೊಂಡಿದ್ದೇ ಅಲ್ವಾ, ಬಿಡಿ," ಎಂದ ಮುಖ್ಯಸ್ಥ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನೇ ಕೊಂದೆ ಎಂದು ಅವಳು ಎಲ್ಲರ ಮುಂದೆ ಅತ್ತುಬಿಟ್ಟಳು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಬೀರು ತೆರೆದಳು.

"ಏಳಿ, ಅಕ್ಕನ ಮನೆಗೆ ಹೋಗೋಣ. ಈಗ್ಲೇ."

"ಏನಾಯ್ತೇ ನಿಂಗೆ?"

"ಇದ್ದಬದ್ದ ರಜೆ ಎಲ್ಲಾ ಹಾಕಿ ಬಂದೆ. ಏಳಿ ಅಂದ್ನಲ್ಲ."

ಕೋಟು ಹೊಚ್ಚ ಹೊಸದಾಗಿಯೇ ಇತ್ತು. ಅದನ್ನು ತೊಟ್ಟ ಅವನ ಮೈ ಇಳಿದುಹೋಗಿತ್ತು. ಭುಜಗಳು ಜೋತುಬಿದ್ದವು, ತೋಳಿನೊಳಗೆ ಬೆರಳುಗಳೇ ಮುಚ್ಚಿಹೋದವು. ದರ್ಜಿ ಕನ್ನಡಿಯಲ್ಲಿ ನೋಡಿಕೊಂಡ.

"ಯಾರ ಅಳತೆನೇ ಇದು?"

ಅವಳಿಗೆ ನಗಲಾಗಲಿಲ್ಲ. ತಲೆ ತಗ್ಗಿಸಿ ಗುಂಡಿ ಹಾಕಿದಳು.

ಮೆಟ್ಟಿಲಿನ ಮೊದಲ ತಿರುವಿನವರೆಗೆ ಇಳಿದರು. ಅಲ್ಲಿ ಅವನು ಕಂಬಿ ಹಿಡಿದು ಕುಸಿದು ಕೂತ. ಉಸಿರೇ ಸಿಗಲಿಲ್ಲ. ಕೆಳಗಿನ ಮನೆಯವನು ಬಂದು ರಟ್ಟೆ ಹಿಡಿದ ಮೇಲೆ ಇಬ್ಬರೂ ಸೇರಿ ಅವನನ್ನು ಮತ್ತೆ ಮೇಲೆ ಹತ್ತಿಸಿದರು. ಮಂಚದ ಮೇಲೆ ಕೂರಿಸಿ ನೀರು ಕುಡಿಸಿದಳು. ಅಭ್ಯಾಸಬಲದಿಂದ ಕೋಟಿನ ಗುಂಡಿ ಬಿಚ್ಚಿ ಹ್ಯಾಂಗರಿಗೆ ಕೈಚಾಚಿದಳು. ಅವನು ಆ ಕೈ ಹಿಡಿದುಕೊಂಡ.

"ಒಳಗಿಡ್ಬೇಡ ಕಣೇ. ಮೈಮೇಲೇ ಇರ್ಲಿ, ಸವೀಲಿ."