ಅತ್ತೆ ಮೆಚ್ಚಿದ ಕೊಲೆ

ಕೊಲೆ ಧಾರಾವಾಹಿ ಮುಗಿಯೋ ವಾರದಲ್ಲಿ ಚಾನೆಲ್ಲಿನವರು ಒಂದು ಪ್ರಕಟಣೆ ಹಾಕಿದ್ರು. ನಿಮಗೆ ತುಂಬಾ ಇಷ್ಟವಾದ ದೃಶ್ಯ ಯಾವುದು ಅಂತ ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸಿ, ಕೊನೇ ಕಂತಿನ ಜೊತೆ ತೋರಿಸ್ತೀವಿ ಅಂತ. ನನಗೆ ಟಿ.ವಿ.ಯಲ್ಲಿ ಕಾಣಿಸಿಕೊಳ್ಳೋ ಹುಚ್ಚು ಯಾವತ್ತೂ ಇರಲಿಲ್ಲ. ನಮ್ಮ ಅತ್ತೆ ಕಾಣಿಸಿಕೊಂಡ್ರೆ ಚೆನ್ನಾಗಿರುತ್ತೆ ಅನ್ನಿಸ್ತು. ಹಾಗೆ ಅನ್ನಿಸದೆ ಹೋಗಿದ್ರೆ ನಾನು ಇವತ್ತಿಗೂ ನೆಮ್ಮದಿಯಾಗಿ ಇರ್ತಿದ್ದೆ.

ನಾವು ಗಂಡ ಹೆಂಡ್ತಿ ಇಬ್ಬರೂ ಚಾಮರಾಜನಗರದಲ್ಲಿ ಕೆಲಸಕ್ಕೆ ಹೋಗೋರು. ಅತ್ತೆ ಇದ್ದಿದ್ದು ತೆರಕಣಾಂಬಿಯಲ್ಲಿ, ನನ್ನ ಭಾವನ ಮನೇಲಿ. ಭಾವನ ಹೆಂಡತಿ, ಅಂದ್ರೆ ನನ್ನ ವಾರಗಿತ್ತಿ, ಬೆಳಿಗ್ಗೆ ಹೊಲದಲ್ಲಿ ಚೆಂಡು ಹೂ ಕುಯ್ದು, ಮಧ್ಯಾಹ್ನ ಮನೆ ನೋಡಿ, ಸಂಜೆ ಏಳಕ್ಕೆ ಟಿ.ವಿ. ಮುಂದೆ ಕೂರೋ ಹೆಂಗಸು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಟಿ.ವಿ. ಕಡೆ ಮುಖ ಮಾಡಿ ಕೂತ್ರೆ ಬೆಳಕು ಅಲ್ಲಾಡೋದು ಬಿಟ್ಟು ಇನ್ನೇನೂ ಕಾಣ್ತಿರಲಿಲ್ಲ. ಅದಕ್ಕೆ ವಾರಗಿತ್ತಿ ಪಕ್ಕದಲ್ಲಿ ಅವರೆಕಾಯಿ ಸುಲೀತಾ, ಈಗ ಯಾರು ಬಂದ್ರು, ಯಾರು ಯಾರನ್ನ ನೋಡಿದ್ರು, ಏನು ಮುಚ್ಚಿಟ್ರು ಅಂತ ಹೇಳ್ತಿದ್ದಳು. ಅದೇ ಧಾರಾವಾಹೀನ ಅದೇ ಹೊತ್ತಿಗೆ ನಾನು ಇಲ್ಲಿ ನಮ್ಮ ಮನೇಲಿ ನೋಡ್ತಿದ್ದೆ.

ಅತ್ತೆ ಕಣ್ಣಿಗೆ ಆಪರೇಷನ್ ಆಗಲೇಬೇಕಿತ್ತು. ತಡ ಮಾಡಿದ್ರೆ ಕಷ್ಟ ಅಂತ ಡಾಕ್ಟರು ನೇರವಾಗೇ ಹೇಳಿದ್ರು. ಆಪರೇಷನ್ ಆಗೋದು ಚಾಮರಾಜನಗರದಲ್ಲಿ, ಆಮೇಲೆ ದಿನಾ ಡ್ರಾಪ್ಸ್ ಹಾಕಿಸಿಕೊಂಡು ಕೆಲವು ವಾರ ನಮ್ಮ ಮನೇಲೇ ಇರಬೇಕಿತ್ತು. ಅತ್ತೆ ಒಪ್ಪಲಿಲ್ಲ. "ನಿನ್ ಮನೇಲಿ ನಂಗ ಊಟ ಸೇರಲ್ಲ ಕಣಮ್ಮಿ" ಅಂದ್ಬಿಟ್ರು. ನನಗೆ ಬೇಕಾಗಿದ್ದು ಇಷ್ಟೇ: ಅವರ ಕಣ್ಣು ಉಳೀಬೇಕು, ಅವರು ನನ್ನ ಕೈಯ ಅನ್ನ ಉಣ್ಣಬೇಕು. ಪ್ರೀತಿಗೆ ಅಂತ ಸುಳ್ಳು ಹೇಳೋದಿಲ್ಲ, ಹಠಕ್ಕೆ. ಮದುವೆಯಾಗಿ ಬಂದಾಗಿನಿಂದ ಆ ಮನೇಲಿ ನನ್ನ ಕೈ ಅಡುಗೇನ ಯಾರೂ ಚೆನ್ನಾಗಿದೆ ಅಂದಿಲ್ಲ.

ಭಾನುವಾರ ಭಾನುವಾರ ನಾನು ಡಬ್ಬಿ ಕಟ್ಟಿಕೊಂಡು ತೆರಕಣಾಂಬಿ ಬಸ್ಸು ಹತ್ತುತ್ತಿದ್ದೆ. ಒಂದು ವಾರ ಹೋಳಿಗೆ, ಒಂದು ವಾರ ನಾಟಿ ಕೋಳಿ ಸಾರು, ಒಂದು ವಾರ ಪಲಾವ್. ಅತ್ತೆ ತಟ್ಟೆ ಮುಂದೆ ಕೂತು ಮೊದಲ ತುತ್ತನ್ನ ತೆಗೆದು ಪಕ್ಕಕ್ಕೆ ಇಡ್ತಿದ್ರು, ಮನೆ ಬೆಕ್ಕು ಬಂದು ತಿಂತಿತ್ತು. ಉಣ್ಣೋ ಮುಂಚೆ ಬಾಯಿಲ್ಲದ ಪ್ರಾಣಿಗೆ ಒಂದು ತುತ್ತು ಇಡೋದು ಆ ಮನೆಯ ಹಳೇ ಪದ್ಧತಿ. ಆದ್ರೆ ಇಟ್ಟಮೇಲೆ ಊಟ ಶುರು ಮಾಡ್ತಿರಲಿಲ್ಲ, ಸುಮ್ಮನೆ ಕೂತಿರ್ತಿದ್ರು. "ಬೆಕ್ಕು ಏನ್ ಮಾಡ್ತಾವಳೆ" ಅಂತ ವಾರಗಿತ್ತೀನ ಕೇಳ್ತಿದ್ರು. ಅವಳು "ಮೂತಿ ಒರಸ್ಕತಾವ್ಳ, ಅತ್ತೆ" ಅಂದಮೇಲೇ ತಟ್ಟೆಗೆ ಕೈ. ಎಂಥ ದಯೆ ಈ ಮುದುಕಿಗೆ ಅಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಪಲಾವ್ ತಗೊಂಡು ಹೋದ ಭಾನುವಾರ ಬೆಕ್ಕು ತಿಂದು ಹಿತ್ತಲಿಗೆ ಹೋಗಿ ಕಕ್ಕಿಬಿಟ್ಟಿತ್ತು. ಬೆಕ್ಕು ಗರಿಕೆ ಮೇಯ್ದು ಕಕ್ಕೋದು ಊರಲ್ಲಿ ಯಾರಿಗೆ ಗೊತ್ತಿಲ್ಲ? ಕಕ್ಕಿದ್ದರಲ್ಲಿ ಹುಲ್ಲು ಎದ್ದು ಕಾಣ್ತಿತ್ತು, ನಾನೇ ನೋಡಿದ್ದೆ. ಆದ್ರೆ ಕಾಣದೆ ಇರೋರಿಗೆ ಅದನ್ನ ಹೇಳಬೇಕಾಗಿದ್ದ ವಾರಗಿತ್ತಿ ಹೇಳಲಿಲ್ಲ. "ಕಕ್ಬುಡ್ತು ಅತ್ತೆ" ಅಂದಳು, ಅಷ್ಟೇ. ಅತ್ತೆ ಕೈ ತೊಳ್ಕೊಂಡ್ರು. ಆವತ್ತಿನಿಂದ ನಾನು ತಂದ ಡಬ್ಬಿ ಮುಚ್ಚಳ ತೆಗೆಯೋದೇ ನಿಂತುಹೋಯ್ತು. ಮಸಾಲೆ ಜಾಸ್ತಿ ಆಯ್ತೇನೋ ಅಂತ ನಾನು ಮುಂದಿನ ವಾರ ಮೊಸರನ್ನ ಕಲಸಿಕೊಂಡು ಹೋದೆ.

ಸರಿ, ವಿಡಿಯೋ ವಿಚಾರಕ್ಕೆ ಬರ್ತೀನಿ. ಧಾರಾವಾಹಿ ಕತೆ ಏನಪ್ಪಾ ಅಂದ್ರೆ, ಒಬ್ಬ ಅಕ್ಕಿ ಗಿರಣಿ ಯಜಮಾನ ತನ್ನ ಕೋಣೇಲಿ ಸತ್ತುಬಿದ್ದಿರ್ತಾನೆ. ಮನೇಲಿ ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಒಬ್ಬ ಅಡುಗೆಯವನು, ದಿನಾ ಬಂದು ಇಂಜೆಕ್ಷನ್ ಕೊಡೋ ಡಾಕ್ಟರು. ಎಲ್ಲರ ಮೇಲೂ ಅನುಮಾನ. ಕೊನೆಗೆ ಸಿಕ್ಕಿಬೀಳೋನು ಡಾಕ್ಟರು, ಅದನ್ನ ನಾನು ಬಹಳ ಮುಂಚೇನೇ ಊಹಿಸಿದ್ದೆ. ಚಿಕ್ಕ ಸೊಸೆ ಅನ್ನೋಳು ಬ್ಯಾಂಕಿಗೆ ಹೋಗೋ ಹುಡುಗಿ, ಆ ಕತೇಲಿ ಅವಳಿಗೆ ಕೆಲಸಾನೇ ಇಲ್ಲ. ಬಾಗಿಲ ಹತ್ತಿರ ನಿಂತು ಅಳೋದು, ಅಷ್ಟೇ.

ಆ ಭಾನುವಾರ ಅತ್ತೆಗೆ ಒಳ್ಳೆ ಸೀರೆ ಉಡಿಸಿ, ತಲೆ ಬಾಚಿ, ಜಗಲಿ ಮೇಲೆ ಕೂರಿಸಿದೆ. ಮೊಬೈಲ್ ಹಿಡಿದು, "ಅತ್ತೆ, ಆ ಕೊಲೆ ಧಾರಾವಾಹೀಲಿ ನಿಮಗೆ ಯಾವ ದೃಶ್ಯ ಇಷ್ಟ ಆಯ್ತು, ಹೇಳಿ" ಅಂದೆ. ಅತ್ತೆ ಮುಖ ಅರಳಿತು. ನನ್ನ ಜೊತೆ ಮಾತಾಡುವಾಗ ಆ ಮುಖ ಹಾಗೆ ಅರಳಿದ್ದು ನಾನು ನೋಡೇ ಇರಲಿಲ್ಲ.

"ಆ ಚಿಕ್ ಸೊಸೆ ಆಪೀಸಿಂದ ಬಂದು, ಬ್ಯಾಗಿಂದ ಸೀಸೆ ತಗ್ದು ಮಾವನ ಸಾರ್ಗ ಉಯ್ತಾಳಲ್ಲ, ಅದು ನೋಡು. ಎದೆ ಢವಢವ ಅಂದ್ಬುಡ್ತು" ಅಂದ್ರು.

ನಾನು ಮೊಬೈಲ್ ಹಿಡಿದೇ ಇದ್ದೆ. ಅಂಥ ದೃಶ್ಯ ಇರಲೇ ಇಲ್ಲ. ಬೇರೆ ಯಾವುದೋ ಧಾರಾವಾಹಿ ಜೊತೆ ಕಲಸಿಕೊಂಡಿದಾರೆ ಅಂದುಕೊಂಡು, "ಇನ್ನೊಂದು ಹೇಳಿ" ಅಂದೆ.

"ಬೆಕ್ಕು ಆ ಸಾರನ್ನ ತಿಂದು ಒದ್ದಾಡ್ಕಂಡು ಸತ್ತೋಯ್ತದಲ್ಲ, ಅದು. ಪಾಪ, ಬೆಕ್ಕಿಂದ್ಲೇ ಗೊತ್ತಾಗದು. ಆಮೇಕ ದೊಡ್ ಸೊಸೆ ಮಾವನ ತಲೆಯ ತೊಡೆ ಮ್ಯಾಲ ಇಟ್ಕಂಡು ನೀರು ಬುಡ್ತಾಳ. ನೀನೊಬ್ಳೇ ಕಣವ್ವ ನಂಗ ಅಂತಾನ ಮುದ್ಕ. ನಾನೂ ಅತ್ಬುಟ್ಟಿ."

ಧಾರಾವಾಹೀಲಿ ಬೆಕ್ಕಿಲ್ಲ. ಮಾವ ಮೊದಲನೇ ಕಂತಲ್ಲೇ ಸತ್ತಿದಾನೆ, ಅವನು ಯಾರ ತೊಡೆ ಮೇಲೆ ಮಲಗ್ತಾನೆ? "ಆ ಚಿಕ್ಕ ಸೊಸೆ ನೋಡಕ್ಕೆ ಹೇಗಿದಾಳೆ ಅತ್ತೆ?" ಅಂತ ಕೇಳಿದೆ.

"ನಿನ್ನಂಗೇ ಕಣಮ್ಮಿ. ಕನ್ನಡ್ಕ, ಚೂಡಿದಾರ್, ವ್ಯಾನಿಟಿ ಬ್ಯಾಗು. ಭಾನ್ವಾರ ಭಾನ್ವಾರ ಡಬ್ಬಿ ತತ್ತಾಳ."

ಮೈಯೆಲ್ಲ ಉರಿದುಹೋಯ್ತು. ಮೊಬೈಲ್ ಆಫ್ ಮಾಡಿ ಹಿತ್ತಲಿಗೆ ಹೋದೆ. ವಾರಗಿತ್ತಿ ಬೂದಿ ಹಾಕಿ ಪಾತ್ರೆ ಉಜ್ಜುತ್ತಾ ಕೂತಿದ್ದಳು.

"ಅಕ್ಕ, ಆ ಧಾರಾವಾಹೀಲಿ ಬೆಕ್ಕು ಯಾವಾಗ ಬಂತು?" ಅಂದೆ.

ಅವಳು ಕೈ ನಿಲ್ಲಿಸಲಿಲ್ಲ. "ಬರ್ನಿಲ್ವಾ?"

"ಇಲ್ಲ."

"ನಾನೇ ಹಾಕ್ದಿ. ಬರೀ ಪೋಲೀಸ್ನೋರು ಕಾರಲ್ಲಿ ಓಗದು, ಬರದು. ಮುದ್ಕಿ ತೂಕಡಿಸ್ತಿತ್ತು. ಬೆಕ್ಕು ಹಾಕ್ದಿ, ಎದ್ದು ಕುಂತ್ಕತು."

"ಚಿಕ್ಕ ಸೊಸೆ ಕೈಲಿ ವಿಷ ಹಾಕಿಸಿದ್ದು? ಅವಳಿಗೆ ನನ್ನ ಕನ್ನಡಕ, ನನ್ನ ಬ್ಯಾಗು ಹಾಕಿದ್ದು?"

"ಕುಂಬಳಕಾಯಿ ಕಳ್ಳ ಅಂದ್ರ ನೀನ್ಯಾಕ ಹೆಗಲ ಮುಟ್ಕಂಡಯ್? ಕತೆ ಕಣಮ್ಮಿ ಅದು."

"ಅವರ ಕಣ್ಣು ಹೋಗುತ್ತೆ ಅಕ್ಕ. ನನ್ನ ಮನೆಗೆ ಬರಲ್ಲ ಅಂತ ಕೂತಿದಾರೆ. ನಿನ್ನ ಕತೆಯಿಂದ."

ಆಗ ಕೈ ನಿಲ್ಲಿಸಿದಳು. ನಾಚಿಕೆಯಿಂದಲ್ಲ, ಸಿಟ್ಟಿನಿಂದ. "ನೀ ವಾರ್ಕ ಒಂದ್ಸಲ ಬತ್ತೀಯ. ಡಬ್ಬಿ ತಂದು ಮಡಗ್ತೀಯ, ಊರೆಲ್ಲ ಚಿಕ್ಕವ್ಳು ಎಷ್ಟ್ ಒಳ್ಳೇವ್ಳು ಅಂತದ. ಉಳ್ದ ದಿನ ಕೈ ಹಿಡ್ಕಂಡು ಹಿತ್ಲಿಗ ಕರ್ಕಂಡೋಗೋಳು ಯಾರು? ಸೀರ ಒಗ್ಯೋಳು ಯಾರು? ನಂಗ ಯಾರೂ ಒಳ್ಳೇವ್ಳು ಅನ್ನಿಲ್ಲ. ಟಿ.ವಿ.ಲಾದ್ರೂ ಅನ್ನಿಸ್ಕಂಡಿ. ಏನೀಗ?"

ಇವಳ ಕಷ್ಟ ನನಗೆ ಅರ್ಥ ಆಗಲಿಲ್ಲ ಅಂತಲ್ಲ. ಅರ್ಥ ಆದ್ರೂ ಕರುಣೆ ಬರಲಿಲ್ಲ. ಪಾತ್ರೆ ರಾಶಿಯನ್ನ ಕಾಲಲ್ಲಿ ಒದೀಬೇಕು ಅನ್ನಿಸಿತು. ಒದೀಲಿಲ್ಲ, ಅದು ನನ್ನ ಸಂಸ್ಕಾರ ಅಂತ ಯಾರೂ ತಿಳ್ಕೋಬೇಡಿ, ಭಾವ ಬಾಗಿಲಿಗೆ ಬಂದಿದ್ರು. ಗಂಡನಿಗೆ ಹೇಳಿದ್ರೆ, "ಹೆಂಗಸರ ಜಗಳ, ನನ್ನ ಎಳೀಬೇಡ" ಅಂದ್ರು. ಅವರ ತಾಯಿ ಕಣ್ಣು ಹೆಂಗಸರ ಜಗಳವಂತೆ.

ಕೊನೆಗೆ ಭಾವನೇ ಅತ್ತೇನ ಒಪ್ಪಿಸಿದ್ರು, ಒಂದು ಷರತ್ತಿನ ಮೇಲೆ: ಊಟ ತೆರಕಣಾಂಬಿಯಿಂದಲೇ ಬರಬೇಕು. ಆಪರೇಷನ್ ಆಯ್ತು. ಅತ್ತೆ ನನ್ನ ಮನೇಲಿ, ನನ್ನ ಮಂಚದ ಮೇಲೆ. ಡ್ರಾಪ್ಸ್ ಹಾಕೋದು ನಾನು, ಸ್ನಾನದ ಮನೆಗೆ ಕರ್ಕೊಂಡು ಹೋಗೋದು ನಾನು. ಅನ್ನ ಮಾತ್ರ ಅವಳದ್ದು. ದಿನಾ ಬೆಳಿಗ್ಗೆ ವಾರಗಿತ್ತಿ ಕ್ಯಾರಿಯರ್ ತುಂಬಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡೋಳು, ನಾನು ಆಫೀಸಲ್ಲಿ ಪರ್ಮಿಷನ್ ಕೇಳಿ ಬಸ್ ಸ್ಟ್ಯಾಂಡಿಗೆ ಓಡ್ತಿದ್ದೆ. ಕಂಡಕ್ಟರು ದೂರದಿಂದಲೇ, "ಮೇಡಂ, ನಿಮ್ಮತ್ತೆ ಊಟ ಬಂತು" ಅಂತ ಕೂಗೋರು. ಅಲ್ಲಿದ್ದ ಜನ ತಿರುಗಿ ನೋಡೋರು. ಮನೇಲಿ ಅಡುಗೆ ಮಾಡಕ್ಕೆ ಬರದ ಹೆಂಗಸು ಅಂದುಕೊಂಡ್ರೋ, ಸೋಮಾರಿ ಅಂದುಕೊಂಡ್ರೋ. ಒಂದು ದಿನ ಸಾರು ಚೆಲ್ಲಿ ಕ್ಯಾರಿಯರ್ ತುಂಬಾ ಅಂಟಿತ್ತು. ಅತ್ತೆ ಅದನ್ನೇ ಉಂಡ್ರು. ನನ್ನ ಒಲೆ ಮೇಲೆ ಬಿಸಿ ಸಾರು ಕುದೀತಾ ಇತ್ತು.

ಕಣ್ಣು ಬಂತು. ಕ್ಯಾಲೆಂಡರಿನ ತಾರೀಖು ಓದೋ ಅಷ್ಟು ಚೆನ್ನಾಗಿ ಬಂತು. ಡಾಕ್ಟರು ಟಿ.ವಿ. ನೋಡಬಹುದು ಅಂದ ದಿನವೇ ನಾನು ರಜೆ ಹಾಕಿದೆ. ಆ ಧಾರಾವಾಹಿ ಈಗ ಮೊಬೈಲಲ್ಲಿ ಇತ್ತು, ಅದನ್ನ ಟಿ.ವಿ.ಗೆ ಹಾಕಿ ಮೊದಲನೇ ಕಂತಿಂದ ಶುರು ಮಾಡಿದೆ. ದಿನಕ್ಕೆ ಸ್ವಲ್ಪ ಸ್ವಲ್ಪ. ನನಗೆ ಒಳಗೇ ಖುಷಿ. ನೋಡಲಿ, ಕಣ್ಣಾರೆ ನೋಡಲಿ. ಬೆಕ್ಕಿಲ್ಲ, ಸೀಸೆ ಇಲ್ಲ, ಚಿಕ್ಕ ಸೊಸೆಗೆ ಕನ್ನಡಕವೇ ಇಲ್ಲ. ಅತ್ತೆ ರೆಪ್ಪೆ ಮಿಟುಕಿಸದೆ ನೋಡಿದ್ರು. ಡಾಕ್ಟರ ಕೈಗೆ ಕೋಳ ಬಿತ್ತು. ನಾನು ಟಿ.ವಿ. ಆರಿಸಿ ಅವರ ಎದುರಿಗೆ ಕೂತೆ.

"ನೋಡಿದ್ರಾ ಅತ್ತೆ? ಅಕ್ಕ ಹೇಳಿದ್ದು ಒಂದೂ ಇರಲಿಲ್ಲ."

"ಇರ್ನಿಲ್ಲ. ಅವಳು ಸೇರಿಸ್ಕಂಡು ಯೋಳ್ತಾಳ ಅಂತ ನಂಗ ಗೊತ್ತಿತ್ತು" ಅಂದ್ರು.

ನನ್ನ ದನಿ ಜೋರಾಗೇ ಹೊರಟಿತು. "ಗೊತ್ತಿದ್ದೂ ನನ್ನ ಅನ್ನ ಮುಟ್ಟಲಿಲ್ವಾ? ಗೊತ್ತಿದ್ದೂ ನನ್ನನ್ನ ಹಂಗೆ ನಡೆಸಿಕೊಂಡ್ರಾ?"

ಅತ್ತೆ ಹೊಸ ಕಣ್ಣಲ್ಲಿ ನನ್ನನ್ನ ನೋಡಿದ್ರು. ಕೋಪ ಇರಲಿಲ್ಲ ಅವರಿಗೆ.

"ನಿನ್ ಅನ್ನ ಉಂಡು ಅವಳ ಕತೆ ಸುಳ್ಳು ಅಂದಿದ್ರ ಅವಳು ಯೋಳದ ನಿಲ್ಲಿಸ್ಬುಡೋಳು. ಕತ್ತಲೇಲಿ ಕುಂತಿರೋ ನಂಗ ಇನ್ಯಾರಿದ್ರು? ನೀನೂ ಅದ್ನೇ ನೋಡ್ತಿದ್ದಲ್ಲ. ಅಷ್ಟ್ ಭಾನ್ವಾರ ಬಂದಯ್, ಒಂದಿನಾರ ಪಕ್ಕದಲ್ಲಿ ಕುಂತು, ಅತ್ತೆ ಈ ವಾರ ಹಿಂಗಾಯ್ತು ಅಂತ ಯೋಳ್ದಯಾ? ಡಬ್ಬಿ ಇಟ್ಟು ಬಸ್ಸಿನ ಹೊತ್ತು ನೋಡ್ಕಂಡೇ ಇದ್ದಯ್."

ನಾನು ಎದ್ದು ಅಡುಗೆ ಮನೆಗೆ ಹೋದೆ. ಅಲ್ಲಿ ಮಾಡೋಕೆ ಕೆಲಸ ಏನೂ ಇರಲಿಲ್ಲ. ಹಿಂದಿನಿಂದ ಅತ್ತೆ ಕೂಗಿದ್ರು, "ನಾಳೆ ಬೆಳಿಗ್ಗೆ ನನ್ನ ಬಸ್ಸು ಹತ್ತಿಸ್ಬುಡು ಕಣಮ್ಮಿ. ಅವಳಿಗೂ ಬೇಜಾರಾಗಿರ್ತದ."

ಹತ್ತಿಸಿದೆ. ಕಿಟಕಿ ಪಕ್ಕದ ಸೀಟಲ್ಲಿ ಕೂರಿಸಿ ಕೆಳಗಿಳಿದು ನಿಂತೆ. ಬಸ್ಸು ಹೊರಡೋವರೆಗೂ ಅವರು ರಸ್ತೆ, ಅಂಗಡಿ, ಜನ ಎಲ್ಲವನ್ನೂ ನೋಡ್ತಾ ಇದ್ರು, ನನ್ನ ಕಡೆ ತಿರುಗಲಿಲ್ಲ.