ಗಡ್ಡೆ ಕೀಳುವ ಮುನ್ನ

ನನ್ನ ವಾರಗಿತ್ತಿಯನ್ನು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನ ಜೊತೆ ಕೆಲಸದ ಹೆಂಗಸರು ಆಟೋದಲ್ಲಿ ತಂದು ಬಿಟ್ಟ ಮಧ್ಯಾಹ್ನ, ಸೀಟಿನ ಮೇಲೆ ಮಡಚಿ ಹಾಸಿದ್ದ ದುಪಟ್ಟಾ ತೆಗೆದವಳು ನಾನೇ. ರಕ್ತದಲ್ಲಿ ಒದ್ದೆಯಾಗಿದ್ದ ಅದರ ಭಾರ ಈಗಲೂ ಕೈಗೆ ನೆನಪಿದೆ. ಅದಕ್ಕಿಂತ ಹೆಚ್ಚು ಹೇಳಲಾರೆ.

ಗರ್ಭಕೋಶದಲ್ಲಿ ಗಡ್ಡೆ ಇದೆ, ಕ್ಯಾನ್ಸರ್ ಅಲ್ಲ, ಆದರೆ ತೆಗೆಯಬೇಕು ಎಂದರು ದೊಡ್ಡಬಳ್ಳಾಪುರದ ಡಾಕ್ಟರಮ್ಮ. ಈಗಲೇ ಕೊಯ್ದರೆ ಮೈಯಲ್ಲಿ ಉಳಿದಿರುವ ರಕ್ತವೂ ಹೋದೀತು. ಮೊದಲು ತಿಂಗಳಿಗೊಂದು ಇಂಜೆಕ್ಷನ್: ಮುಟ್ಟು ನಿಲ್ಲುತ್ತದೆ, ಗಡ್ಡೆ ಕುಗ್ಗುತ್ತದೆ, ಆಪರೇಷನ್ನಿನಲ್ಲಿ ರಕ್ತ ಕಡಿಮೆ ಹೋಗುತ್ತದೆ. ಜೊತೆಗೆ ಕಬ್ಬಿಣದ ಮಾತ್ರೆ.

ಹಾಗೆಯೇ ಆಯಿತು. ಧನುರ್ಮಾಸದ ಚಳಿಯಲ್ಲಿ ನಾವು ಕಂಬಳಿ ಹೊದ್ದು ಕೂತರೆ ಅವಳು ಬೆವರು ಒರೆಸಿಕೊಂಡು ಫ್ಯಾನ್ ಹಾಕುತ್ತಿದ್ದಳು. ಇಂಜೆಕ್ಷನ್ನಿನ ಶೆಕೆಯಂತೆ. ಮೈದುನ ಮಂಕಿ ಟೋಪಿ ಹಾಕಿಕೊಂಡು ಉಣ್ಣುತ್ತಿದ್ದ. ತಿಂಗಳು ತಿಂಗಳೂ ಹೊರಗೆ ಕೂರುತ್ತಿದ್ದವಳು ಈಗ ಒಂದು ದಿನವೂ ಒಲೆ ಬಿಡಲಿಲ್ಲ. ಕೆನ್ನೆಗೆ ಬಣ್ಣ ಬಂತು. ಎಡವಟ್ಟಾದದ್ದು ಅಲ್ಲೇ.

"ನಿಂತೇ ಹೋಯ್ತಲ್ಲಕ್ಕಾ, ಕರಗಿರುತ್ತೆ. ಇನ್ಯಾಕೆ ಕೊಯ್ಸಿಕೊಳ್ಳೋದು?" ಎಂದಳು.

ಡಾಕ್ಟರಮ್ಮ ಹೇಳಿದ್ದು ಕುಗ್ಗುತ್ತದೆ ಎಂದು, ಕರಗುತ್ತದೆ ಎಂದಲ್ಲ; ಇಂಜೆಕ್ಷನ್ ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ ಎಂದೂ ಹೇಳಿದ್ದರು. ನಾನು ನೆನಪಿಸಿದೆ. ಅವಳು ಕೇಳಲಿಲ್ಲ. ಮೈದುನನೂ ಅವಳ ಮಾತಿಗೇ ತಲೆಯಾಡಿಸಿದ. ನನಗೆ ಆ ದುಪಟ್ಟಾ ಕಣ್ಣ ಮುಂದೆ ಬಂತು.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಆಲೂಗಡ್ಡೆ ಕೀಳೋಕ್ಮುಂಚೆ ನೀರು ಕಟ್ಟೋದು ಯಾಕ್ಲಾ ನಿಲ್ಲಿಸ್ತೀವಿ?" ಎಂದು ಮಗನನ್ನು ಕೇಳಿದರು.

"ಒಣಗ್ಲಿ ಅಂತ."

"ಒಣಗ್ತು ಅಂತ ಗಡ್ಡೇನ ಮಣ್ಣಲ್ಲೇ ಬಿಟ್ಟು ಬರ್ತೀಯಾ?"

ಮೈದುನ ನಕ್ಕುಬಿಟ್ಟ. ವಾರಗಿತ್ತಿಗೆ ಸಿಟ್ಟು ಬಂತು. "ನನ್ನ ಹೊಟ್ಟೆ ಏನು ನಿಮ್ಮ ಹೊಲವಾ?"

"ಹೊಲ ಆಗಿದ್ರೆ ನಾನೇ ಅಗೀತಿದ್ದೆ ಕಣೆ."

ಅವಳು ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಹೂ ಕಟ್ಟುತ್ತಾ, ಆಪರೇಷನ್ನಿಗೆ ಕಾಲುಂಗುರ ಬಿಚ್ಚಿಸುತ್ತಾರಾ ಎಂದು ಕೇಳಿದಳು. ಅವಳು ಒಪ್ಪಿದ್ದು ನನಗೆ ಗೊತ್ತಾದದ್ದು ಹಾಗೆ.

ಆಪರೇಷನ್ನಿನ ದಿನ, ಬೇಕಾದೀತೆಂದು ರಕ್ತ ತರಿಸಿಟ್ಟಿದ್ದರು. ಥಿಯೇಟರಿನ ಬಾಗಿಲು ತೆರೆದಾಗಲೆಲ್ಲ ನಾನು ನರ್ಸಿನ ಮುಖ ನೋಡಲಿಲ್ಲ, ರಕ್ತದ ಚೀಲ ಒಯ್ಯುತ್ತಿದ್ದಾಳೇನೋ ಎಂದು ಕೈ ನೋಡಿದೆ. ಕೈ ಖಾಲಿ ಇರುತ್ತಿತ್ತು. ಕೊನೆಗೆ ಡಾಕ್ಟರಮ್ಮ ಬಂದು, ಎಲ್ಲಾ ಸರಿಹೋಯಿತು, ರಕ್ತ ಹೆಚ್ಚು ಹೋಗಲಿಲ್ಲ, ತರಿಸಿಟ್ಟಿದ್ದು ಬೇಕಾಗಲಿಲ್ಲ ಎಂದರು. ಇನ್ನೊಂದು ಸಲ ಹೇಳಿ ಎಂದೆ. ಅವರು ನಿಧಾನವಾಗಿ ಹೇಳಿದರು. ಅಲ್ಲಿಯವರೆಗೂ ನಿಂತೇ ಇದ್ದವಳು ಆಮೇಲೆ ಕೂತುಕೊಂಡೆ.