ನಮ್ಮ ಮನೆಯವರಿಗೆ ಬಾರದ ಮುಟ್ಟು

ನನ್ನ ಗಂಡನಿಗೆ ಯಾವ ರೋಗವೂ ಬಂದಿರಲಿಲ್ಲ. ರಕ್ತ ನನ್ನದು. ನಡೆದದ್ದು ಇಷ್ಟೇ. ಅವತ್ತೇ ಇಬ್ಬರಲ್ಲಿ ಯಾರಾದರೂ ಬಾಯಿ ಬಿಟ್ಟಿದ್ದರೆ ಅವರು ಖಾರ ಬಿಟ್ಟು, ಭೀಮಾ ಹೊಳೆಯಲ್ಲಿ ಸೊಂಟಮಟ ಕೂಡುವುದು ತಪ್ಪುತ್ತಿತ್ತು. ನನ್ನನ್ನು ತವರಿಗೆ ಅಟ್ಟುವ ಮಾತೂ ಏಳುತ್ತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಆಳಂದ ಕಡೆಯ ಮಟಕಿಯವಳು. ಮದುವೆಯಾದಾಗ ಇಪ್ಪತ್ತು ದಾಟಿತ್ತು, ಆ ಕಾಲಕ್ಕೆ ಅದು ಬಲಿತ ಕಾಯಿ. ಕೊಟ್ಟದ್ದು ಅಫಜಲಪುರ ತಾಲೂಕಿನ ಮಣ್ಣೂರಿಗೆ. ನಮ್ಮವರು ಒಬ್ಬನೇ ಮಗ, ಅಕ್ಕತಂಗಿಯರಿಲ್ಲ. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಅವರು, ನಾನು, ಮತ್ತೆ ಒದೆಯುವ ಒಂದು ಎಮ್ಮೆ.

ನಮ್ಮದು ಲಿಂಗ ಕಟ್ಟಿದ ಮನೆತನ. ಮುಟ್ಟಾದರೆ ಹೊರಗೆ ಕೂಡುವ ಪದ್ಧತಿ ನಮ್ಮಲ್ಲಿಲ್ಲ. ಜಳಕ ಮಾಡಿ, ಇಬತ್ತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದೇ. ಎದುರು ಮನೆಯವರು ಬೇರೆ ಮಂದಿ. ಅಲ್ಲಿ ತಿಂಗಳಿಗೆ ಒಬ್ಬಳಲ್ಲ ಒಬ್ಬಳು ಹೊರಗಿನ ಕಟ್ಟೆಯ ಮೂಲೆಯಲ್ಲಿ ಚಾಪೆ, ಬೇರೆ ತಂಬಿಗೆ ಇಟ್ಟುಕೊಂಡು ಕೂಡುತ್ತಿದ್ದಳು. ಅತ್ತೆ ಅದನ್ನು ನೋಡಿ, "ಬಸವಣ್ಣನ ಪುಣ್ಯಾ, ನಮಗ ಆ ಪಜೀತಿ ಇಲ್ಲ" ಎಂದು ಕೈ ಮುಗಿಯುತ್ತಿದ್ದರು. ಖರೆ ಹೇಳಬೇಕೆಂದರೆ ಮೂಲೆಯಲ್ಲಿ ಕೂತವಳು ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿರುತ್ತಿದ್ದಳು. ನಾನು ಸೊಂಟ ಹಿಡಿದುಕೊಂಡು ಎಮ್ಮೆ ಹಿಂಡುತ್ತಿದ್ದೆ.

ಹೊರಗೆ ಕೂಡುವುದಿಲ್ಲವೆಂದರೆ ಒಳಗೆ ಮಾತಾಡುತ್ತಿದ್ದರು ಅಂತಲ್ಲ. ಆ ಶಬ್ದವೇ ನಮ್ಮ ಮನೆಯಲ್ಲಿ ಇರಲಿಲ್ಲ. ಆ ದಿನಗಳಲ್ಲಿ ಗಂಡ ಹತ್ತಿರ ಸರಿದರೆ "ತಲಿ ನೋಯಾಕತ್ತದರಿ" ಎಂದು ಗೋಡೆಯ ಕಡೆ ತಿರುಗುವುದು. ಇದನ್ನು ಕಲಿಸಿದ್ದು ನನ್ನ ಅವ್ವ, ಅವಳಿಗೆ ಅವಳವ್ವ. ನಮ್ಮವರು ಒಳ್ಳೆಯವರು. ಪಾಪ, ಅಫಜಲಪುರ ಸಂತೆಯಿಂದ ತಲೆನೋವಿನ ಮುಲಾಮು ತಂದುಕೊಟ್ಟಿದ್ದರು.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಜೋಳದ ರಾಶಿಯ ದಿನಗಳು, ಅತ್ತೆ ಕಣದಲ್ಲಿದ್ದರು. ನಮ್ಮವರು ಬುತ್ತಿ ಒಯ್ಯಲು ಮಧ್ಯಾಹ್ನ ಮನೆಗೆ ಬಂದರು. ಮನೆಯಲ್ಲಿ ಯಾರೂ ಇಲ್ಲ, ಬುತ್ತಿ ತಡವಾಯಿತು. ಅದು ನನಗೆ ಎರಡು ದಿನ ಮೊದಲೇ ಬಂತು, ಅದೂ ಅದೇ ಹೊತ್ತಿಗೆ. ಎದ್ದ ಮೇಲೆ ನೋಡಿಕೊಂಡು ಬಚ್ಚಲಿಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅವರೂ ಇಲ್ಲ, ಉಟ್ಟಿದ್ದ ಧೋತರವೂ ಇಲ್ಲ. ಬುತ್ತಿ ಮಾತ್ರ ಅಲ್ಲೇ ಇತ್ತು.

ಸಂಜೆಗೆ ಅತ್ತೆ ಕೇಳಿದರು. "ಲೇ ತಮ್ಮಾ, ಹೊಸಾ ಧೋತರ ಎಲ್ಲಿ?"

"ನಾಯಿ ಒಯ್ತು."

"ಉಟ್ಟಿದ್ದು ಒಯ್ತೇನಲೇ?"

ಧೋತರವನ್ನು ಅವರೇ ಹೊಳೆಗೆ ಎಸೆದಿದ್ದರು. ಅವತ್ತಿನಿಂದ ಮಲಗುವುದು ಹೊಲದಲ್ಲಿ. ನನ್ನ ಮುಖ ನೋಡುತ್ತಿರಲಿಲ್ಲ. ನಾನು ತಿಳಿದುಕೊಂಡದ್ದು, ಹೇಸಿಗೆ ಪಟ್ಟುಕೊಂಡಿದ್ದಾರೆ ಅಂತ. ಅವರು ತಿಳಿದುಕೊಂಡದ್ದು, ತಾನು ಸಾಯುತ್ತೇನೆ ಅಂತ.

ಗುರುತಿನವರು ಕಾಣಬಾರದೆಂದು ಜೇವರ್ಗಿ ದಾಟಿ ಯಡ್ರಾಮಿಯ ತನಕ ಬಸ್ಸು ಹಿಡಿದು ಒಬ್ಬ ನಾಟಿ ವೈದ್ಯನ ಹತ್ತಿರ ಹೋಗಿಬಂದರಂತೆ. ಅವನು ನಾಡಿ ಹಿಡಿದು, ಒಳಗೆ ಉಷ್ಣ ಒಡೆದಿದೆ, ಖಾರ ಬಿಡು, ಹರಿಯುವ ನೀರಲ್ಲಿ ಕೂಡು, ಹೆಂಡತಿಯಿಂದ ದೂರ ಇರು ಎಂದನಂತೆ. ಹೇಳಿದ್ದನ್ನೆಲ್ಲ ಮಾಡಿದರು. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ನುಂಗದ ಮನುಷ್ಯ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ತಿನ್ನತೊಡಗಿದರು. ಮುಂಜಾನೆ ಹೊಳೆಯಲ್ಲಿ ಕೂತರೆ ದನದ ಮೈ ತೊಳೆಯುವವರು ಬಂದು ಎಬ್ಬಿಸಬೇಕು.

ಮಗ ಸೊರಗಿದ್ದು ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೆ? ಜಗ್ಗಿ ಕೇಳಿದಾಗ ಅವರು ಅರ್ಧ ಹೇಳಿದರು, ಅತ್ತೆ ಮಿಕ್ಕರ್ಧ ತಾವೇ ಕಟ್ಟಿಕೊಂಡರು. ನನ್ನ ಮುಂದೆ ಬಂದು ನಿಂತರು.

"ನಿನ್ನ ಮೈಯಾಗ ಏನೋ ಖೋಡಿ ಅದಬೇ. ಅಫಜಲಪುರದಾಗ ಡಾಕ್ಟರಬಾಯಿಗೆ ತೋರಸ್ತೀನಿ. ಹೌದಂದ್ರ ಅಲ್ಲಿಂದಲ್ಲೇ ನಿಮ್ಮ ಊರ ಬಸ್ ಹತ್ತಸ್ತೀನಿ."

ನನ್ನ ಸೀರೆ ಕುಪ್ಪಸ ಎಲ್ಲ ಗಂಟು ಕಟ್ಟಿ ತಾವೇ ಹೊತ್ತುಕೊಂಡರು, ಮಗನನ್ನೂ ಜೊತೆಗೆ ಹೊರಡಿಸಿದರು. ಹೀಗೆ ವಾಪಸು ಬಂದ ಮಗಳಿಗೆ ತವರಲ್ಲಿ ಎಂಥ ಬಾಳು ಎಂಬುದು ನನಗೆ ಗೊತ್ತಿತ್ತು. ನಮ್ಮ ಚಿಕ್ಕಮ್ಮ ಹಾಗೆ ಬಂದವಳು, ಅಣ್ಣತಮ್ಮಂದಿರ ಒಲೆಯ ಬೂದಿ ತೆಗೆಯುತ್ತಲೇ ಮುದುಕಿಯಾದಳು. ಬಸ್ಸಿನಲ್ಲಿ ಇಡೀ ದಾರಿ ಆ ಗಂಟನ್ನೇ ನೋಡುತ್ತ ಕೂತಿದ್ದೆ.

ದವಾಖಾನೆಯಲ್ಲಿ ಡಾಕ್ಟರಬಾಯಿ ಮೊದಲು ನನ್ನೊಬ್ಬಳನ್ನೇ ಕರೆದು ಪರೀಕ್ಷೆ ಮಾಡಿದರು. ವಯಸ್ಸಾದ ಹೆಂಗಸು, ಮಾತು ಕಡಿಮೆ. "ನೀ ಚೊಲೋ ಇದ್ದೀಯಲ್ಲಬೇ. ಯಾಕ ಕರಕೊಂಡು ಬಂದಾರ?"

"ಅವರಿಗೆ ಏನೋ ಆಗ್ಯಾದಂತ್ರಿ. ನನ್ನಿಂದಂತ."

ನಮ್ಮವರನ್ನು ಒಳಗೆ ಕರೆದರು. ಅವರು ಡಾಕ್ಟರಬಾಯಿಯ ಮುಖ ನೋಡಲಾರದೆ ಗೋಡೆಯ ಮೇಲಿದ್ದ ಸಣ್ಣ ಕುಟುಂಬದ ಚಿತ್ರಕ್ಕೆ ಉತ್ತರ ಹೇಳತೊಡಗಿದರು.

"ರಕ್ತ ಬಿತ್ತರಿ."

"ಎಲ್ಲಿಂದ?"

"ಅಲ್ಲಿಂದರಿ."

"ಉರಿ? ಬ್ಯಾನಿ? ಗಾಯ ಏನರೆ?"

"ಏನೂ ಇಲ್ರಿ. ಇಕಿ ಜೋಡಿ ಮಲಗಿದ್ದೆ. ಎದ್ದು ನೋಡಿದ್ರ ಧೋತರೆಲ್ಲ ರಕ್ತ. ಒಂದ ಸಲ ಅಷ್ಟ."

ಡಾಕ್ಟರಬಾಯಿ ನನ್ನ ಕಡೆ ನೋಡಿದರು. ನನಗೆ ಆಗ ಹೊಳೆಯಿತು. ನಗು ಬಂತು, ಗಂಟು ನೆನಪಾಗಿ ನುಂಗಿಕೊಂಡೆ.

"ಅವತ್ತ ಇಕಿ ಮುಟ್ಟಾಗಿದ್ದಳೇನು?"

ಅವರಿಗೆ ಅವಮಾನವಾಯಿತು. "ಏ, ನಮ್ಮ ಮನ್ಯಾಗ ಅದು ಬರಂಗಿಲ್ರಿ. ಎದುರು ಮನ್ಯಾಗ ಬರ್ತದ, ಅವರು ಹೊರಗ ಕೂಡ್ತಾರ. ನಮ್ಮಲ್ಲಿ ಯಾರೂ ಕೂತಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ನಾವು ಲಿಂಗ ಕಟ್ಟಿದವರು."

ಡಾಕ್ಟರಬಾಯಿ ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ನಾನೂ ಲಿಂಗ ಕಟ್ಟಿದಾಕಿನೇ ತಮ್ಮಾ. ವಯಸ್ಸಿನ್ಯಾಗ ನನಗೂ ತಿಂಗಳಾ ಬರ್ತಿತ್ತು."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ನಿನಗೂ?"

"ಹೌದ್ರಿ."

"ಯಾವಾಗ?"

"ತಲಿ ನೋಯ್ತದ ಅಂತಿದ್ನಲ್ರಿ, ಆವಾಗ."

"ಮತ್ತ ಆ ಮುಲಾಮು?"

"ಸೊಂಟಕ್ಕ ಹಚ್ಚಿಕೊಂಡೇನಿ."

ಡಾಕ್ಟರಬಾಯಿ ಅತ್ತೆಯನ್ನೂ ಒಳಗೆ ಕರೆಸಿದರು. "ಏನ ಯವ್ವಾ, ನಿನ್ನ ಮಗನಿಗೆ ಮುಟ್ಟಂದ್ರ ಗೊತ್ತಿಲ್ಲಲ್ಲ."

"ಅವನಿಗ್ಯಾಕ ಗೊತ್ತಿರಬೇಕ್ರಿ?" ಅತ್ತೆ ಎದೆ ಸೆಟೆಸಿ ನಿಂತರು. "ಹಡದು ಇಷ್ಟು ದೊಡ್ಡವನ್ನ ಮಾಡೇನಿ. ಒಂದ ದಿನ ಗೊತ್ತಾಗಗೊಟ್ಟಿಲ್ಲ."

ಡಾಕ್ಟರಬಾಯಿ ಮೂವರನ್ನೂ ಬೆಂಚಿನ ಮೇಲೆ ಕೂಡಿಸಿ, ಶಾಲೆಯ ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು. ಆ ರಕ್ತ ವಿಷ ಅಲ್ಲ, ತಾಗಿದರೆ ಗಂಡಸಿಗೆ ಏನೂ ಆಗುವುದಿಲ್ಲ. ಆ ದಿನಗಳಲ್ಲಿ ಇಬ್ಬರಿಗೂ ಮನಸ್ಸಿದ್ದರೆ ಕೂಡಬಹುದು, ಹೊಟ್ಟೆ ನೋವಿದ್ದು ಅವಳು ಬೇಡವೆಂದರೆ ಬೇಡ. ಕೆಳಗೆ ಒಂದು ಹಳೆ ಬಟ್ಟೆ ಹಾಸಿಕೊಳ್ಳಿ, ಆಮೇಲೆ ಇಬ್ಬರೂ ತೊಳೆದುಕೊಳ್ಳಿ. ಆದರೆ ಯಾರಿಗಾದರೂ ಕೀವು, ಹುಣ್ಣು, ತುರಿಕೆ ಇದ್ದರೆ ಆಗ ಒಬ್ಬರಿಂದ ಒಬ್ಬರಿಗೆ ಬೇಗ ಹತ್ತುತ್ತದೆ, ಮೊದಲು ಔಷಧ. ಸರ್ಕಾರದವರು ಪುಕ್ಕಟೆ ಕೊಡುವ ರಬ್ಬರಿನ ನಿರೋಧ ಹಾಕಿಕೊಂಡರೆ ಇನ್ನೂ ಚಲೋ. ಮತ್ತೆ, ಮುಟ್ಟಿನಲ್ಲಿ ಕೂಡಿದರೆ ಬಸಿರು ನಿಲ್ಲುವುದಿಲ್ಲ ಅಂತ ನಂಬಿ ಕೂಡಬೇಡಿ, ಒಮ್ಮೊಮ್ಮೆ ನಿಲ್ಲುತ್ತದೆ.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆದರೂ ಬಿಡಲಿಲ್ಲ. "ಅದು ಗಂಡಸಿನ ಆಯುಷ್ಯ ತಿಂತದ ಅಂತಾರಲ್ರಿ?"

"ನಿನ್ನ ಮಗ ಹೊಟ್ಟಿಗಿಲ್ಲದ ಸೊರಗ್ಯಾನ ಯವ್ವಾ. ಮನಿಗಿ ಒಯ್ದು ಉಣಸು."

ನಮ್ಮವರು ಎದ್ದು ನಿಂತರು. ರೋಗವಿಲ್ಲ ಎಂಬುದಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಅವರಿಗಿತ್ತು. "ಖಾರ ತಿನ್ನಬಹುದೇನ್ರಿ?"

ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಮಿರ್ಚಿ ಭಜಿ ತಿಂದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನನಗೂ ಒಂದು ಕೊಟ್ಟರು. ಆಳಂದ ಕಡೆಯ ಬಸ್ಸು ನಮ್ಮ ಮುಂದೆಯೇ ಬಂದು ನಿಂತು, ಮಂದಿಯನ್ನು ಹತ್ತಿಸಿಕೊಂಡು ಹೋಯಿತು. ಅತ್ತೆ ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಗಂಟನ್ನು ನನ್ನ ಮಡಿಲಿಗೆ ಹಾಕಿದರು.

"ಹಿಡಿ. ನನಗ ಭಾರ ಆಗ್ಯಾದ."

ತಪ್ಪಾಯಿತು ಎಂದು ಹೇಳುವ ಹೆಂಗಸಲ್ಲ. ನಾನೂ ಕೇಳಲಿಲ್ಲ. ಮಣ್ಣೂರು ಬಂತು. ಇಳಿಯುವಾಗ ನಮ್ಮವರು ನನ್ನ ಕಿವಿಯ ಹತ್ತಿರ ಬಂದರು. "ಎಮ್ಮಿಗೂ ಬರ್ತದೇನು?"

"ಮನಿಗಿ ನಡೀರಿ," ಎಂದೆ.

ಮುಂದಿನ ಬಾಳುವೆಯಲ್ಲಿ ಆ ದಿನಗಳಲ್ಲಿ ಒಮ್ಮೊಮ್ಮೆ ಕೂಡಿದೆವು, ಒಮ್ಮೊಮ್ಮೆ ಇಲ್ಲ. ಹೆಚ್ಚಿನ ಸಲ ನನಗೇ ಬೇಡವಾಗಿತ್ತು, ಬೇಡ ಅಂದರೆ ಮುಗಿಯಿತು. ಯಾರೂ ಸಾಯಲಿಲ್ಲ.

ದವಾಖಾನೆಗೆ ಹೋಗಿಬಂದ ಮರುದಿನ ಬೆಳಗಾಗುವಾಗ ನನಗೆ ಅದು ಬಂತು. ತಿಂಗಳು ತುಂಬಿತ್ತು, ಬರಬೇಕಾದದ್ದೇ. ಹೊಟ್ಟೆ ಹಿಂಡುತ್ತಿತ್ತು. ಅವರು ಅಂಗಳದಲ್ಲಿ ಬೇವಿನ ಕಡ್ಡಿ ಕಡಿಯುತ್ತಿದ್ದರು, ಅತ್ತೆ ಚಹಾ ಸೋಸುತ್ತಿದ್ದರು. ನಾನು ಹಾಸಿಗೆಯ ಮೇಲೆ ಎದ್ದು ಕೂತು, ಇಬ್ಬರಿಗೂ ಕೇಳುವ ಹಾಗೆ ಹೇಳಿದೆ.

"ಇವತ್ತ ನನಗ ಮುಟ್ಟು ಬಂದದರಿ. ಹೊಟ್ಟಿ ನೋಯಾಕತ್ತದ. ಎಮ್ಮಿ ನೀವೇ ಹಿಂಡ್ರಿ."

ಅತ್ತೆಯ ಕೈಯಲ್ಲಿದ್ದ ಸೋಸುವ ಅರಿವೆ ಚಹಾದಲ್ಲಿ ಬಿತ್ತು. ನಮ್ಮವರು ಬೇವಿನ ಕಡ್ಡಿ ಉಗುಳಿ, ತಾಯಿಯ ಮುಖ ನೋಡದೆ ಚರಿಗೆ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಎಮ್ಮೆ ಒದ್ದ ಸಪ್ಪಳ ಕೇಳಿಸಿತು. ನಾನು ಕೌದಿ ಎಳೆದುಕೊಂಡು ಮತ್ತೆ ಮಲಗಿದೆ.